ದೇವಣಿ, ಚಿಗರಿ, ತೊಗರಿ: ಬೀದರ್ ನೆಲದಲ್ಲಿ ಜೀವವಿಕಾಸದ ಪಾಠ

ಔರಾದ್‌ನ ಅಮರೇಶ್ವರ ಜಾತ್ರೆಯಲ್ಲಿ ದನ ನೋಡಲು ಬರುವ ರೈತರ ಕಣ್ಣು ಮೊದಲು ಹೋಗುವುದು ಮೋರೆಯ ಮೇಲೆ. ಮೈಯೆಲ್ಲ ಬೆಳ್ಳಗಿದ್ದು ಮೋರೆಯ ಎರಡೂ ಬದಿ ಕಪ್ಪಾಗಿದ್ದರೆ ಅದು ದೇವಣಿಯಲ್ಲಿ ವಾನೆರಾ. ಬಿಳಿ ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವೆರಾ. ಮೈ ಬಿಳಿಯೇ ಆಗಿದ್ದು ಕೆಳಭಾಗದಲ್ಲಷ್ಟೇ ಮಚ್ಚೆ ಇದ್ದರೆ ಬಾಲಂಕ್ಯಾ. ಆಮೇಲೆ ನೋಟ ಉಬ್ಬಿದ ಹಣೆ, ಜೋಲು ಕಿವಿ, ಗಂಗೆದೊಗಲು, ಡುಬ್ಬ, ಗೊರಸುಗಳ ಮೇಲೆ ಹರಿಯುತ್ತದೆ. ಕೊನೆಗೆ ತುಟಿ ಎತ್ತಿ ಹಲ್ಲು ಎಣಿಸುತ್ತಾರೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂಬುದು ತಿಳಿದ ಮೇಲೆಯೇ ಬೆಲೆಯ ಮಾತು.

ಈ ಪರೀಕ್ಷೆಯಲ್ಲಿ ಜೀವವಿಜ್ಞಾನದ ಎರಡು ದೊಡ್ಡ ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದೇ ಬಗೆಯ ಪ್ರಾಣಿಗಳಲ್ಲೂ ಒಂದರಂತೆ ಇನ್ನೊಂದಿಲ್ಲ ಎಂದು ಗುರುತಿಸುವುದು ಮೊದಲನೆಯದು. ಹೋಲುವವನ್ನು ಒಟ್ಟಿಗೆ ಸೇರಿಸಿ ಹೆಸರಿಡುವುದು ಎರಡನೆಯದು. ಮೊದಲನೆಯದರಿಂದ ವಿಕಾಸವಾದ ಹುಟ್ಟಿತು, ಎರಡನೆಯದರಿಂದ ವರ್ಗೀಕರಣ ಶಾಸ್ತ್ರ ಬೆಳೆಯಿತು. ಶಾಲೆಯಲ್ಲಿ ಇವೆರಡನ್ನೂ ಬೇರೆಬೇರೆ ಪಾಠಗಳಾಗಿ, ಬಾಯಿಪಾಠದ ಪಟ್ಟಿಗಳಾಗಿ ಓದಿದವರೇ ಹೆಚ್ಚು. ಡೈನೋಸಾರ್, ಗಲಪಗೋಸ್ ದ್ವೀಪ, ಉದ್ದ ಕತ್ತಿನ ಜಿರಾಫೆ ಎಂದಾಗ ಇದೆಲ್ಲ ಎಲ್ಲೋ ದೂರದ, ಎಂದೋ ಮುಗಿದುಹೋದ ಸಂಗತಿ ಅನ್ನಿಸುತ್ತದೆ. ಆದರೆ ಬೀದರ್, ಭಾಲ್ಕಿ, ಔರಾದ್‌ಗಳ ಕೊಟ್ಟಿಗೆ, ಬಯಲು ಮತ್ತು ತೊಗರಿ ಹೊಲಗಳಲ್ಲಿ ಜೀವವಿಕಾಸ ಈ ಹಂಗಾಮಿನಲ್ಲೂ ನಡೆಯುತ್ತಿದೆ. ಅದನ್ನು ಅರಿತವರಿಗೆ ಲಾಭ, ಮರೆತವರಿಗೆ ನಷ್ಟ.

ಕೊಟ್ಟಿಗೆಯಲ್ಲಿ ರೂಪುಗೊಂಡ ತಳಿ

ದೇವಣಿಗೆ ಆ ಹೆಸರು ಬಂದದ್ದು ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿರುವ ದೇವಣಿ ಊರಿನಿಂದ. ತಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಉದಗೀರ್, ದೇವಣಿ, ಔರಾದ್, ಭಾಲ್ಕಿಗಳ ಕಪ್ಪು ಮಣ್ಣಿನ ಸೀಮೆಯೆಲ್ಲ ಅದರದ್ದೇ. ಸೌರಾಷ್ಟ್ರದ ಗಿರ್, ಸಹ್ಯಾದ್ರಿಯ ಮಳೆನಾಡಿನ ಡಾಂಗಿ ಮತ್ತು ಇಲ್ಲಿಯದೇ ನಾಡದನಗಳು ಬೆರೆತು ಸುಮಾರು ಎರಡು ಶತಮಾನಗಳಲ್ಲಿ ಈ ತಳಿ ರೂಪುಗೊಂಡಿತೆಂದು ಪಶುತಳಿ ತಜ್ಞರು ಹೇಳುತ್ತಾರೆ. ಜೋಲು ಕಿವಿ ಮತ್ತು ಉಬ್ಬಿದ ಹಣೆಯಲ್ಲಿ ಗಿರ್‌ನ ಛಾಯೆ ಈಗಲೂ ಕಾಣುತ್ತದೆ.

ಯಾವ ರೈತನೂ ಹೊಸ ತಳಿ ಕಟ್ಟುತ್ತೇನೆಂದು ಹೊರಟವನಲ್ಲ. ಎರೆಮಣ್ಣಿನಲ್ಲಿ ಕುಂಟೆ, ನೇಗಿಲು ಎಳೆಯುವ ಕಸುವಿರುವ ಎತ್ತು ಬೇಕಿತ್ತು. ಬೇಸಿಗೆಯ ಒಣ ಕಣಿಕೆ ತಿಂದೂ ಮನೆಗೆ ಹಾಲು ಕೊಡುವ ಆಕಳು ಬೇಕಿತ್ತು. ಅಂಥ ಆಕಳ ಹೋರಿಗರುವನ್ನು ಊರಿನ ಬೀಜದ ಹೋರಿಯಾಗಿ ಉಳಿಸಿದರು, ಉಳಿದವನ್ನು ಬೀಜ ಒಡೆಸಿ ಹೊಲಕ್ಕೆ ಹೂಡಿದರು. ಪ್ರತಿ ತಲೆಮಾರಿನಲ್ಲೂ ಇಷ್ಟೇ ಆಯ್ಕೆ. ಹೋರಿಯ ಗುಣ ಕರುಗಳಿಗೆ ಇಳಿಯಿತು, ಕರುಗಳಲ್ಲಿ ಮತ್ತೆ ಆಯ್ಕೆ ನಡೆಯಿತು. ಗುಣಗಳಲ್ಲಿ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ತಂದೆತಾಯಿಯಿಂದ ಮಕ್ಕಳಿಗೆ ಬರಬೇಕು, ಕೆಲವು ಜೀವಿಗಳು ಮಾತ್ರ ಮುಂದಿನ ಪೀಳಿಗೆಗೆ ಹೆಚ್ಚು ಸಂತಾನ ಬಿಡಬೇಕು. ಈ ಮೂರು ಕೂಡಿದರೆ ಸಾಕು, ತಲೆಮಾರುಗಳು ಉರುಳಿದಂತೆ ಜೀವಿ ಬದಲಾಗುತ್ತದೆ. ವಿಕಾಸವಾದದ ತಿರುಳೇ ಇದು.

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಮೊದಲ ಅಧ್ಯಾಯವನ್ನು ಮೀಸಲಿಟ್ಟದ್ದೂ ಸಾಕುಪ್ರಾಣಿಗಳಿಗೆ, ಬೆಳೆಗಳಿಗೆ. ಮನುಷ್ಯ ಕೆಲವೇ ಶತಮಾನಗಳಲ್ಲಿ ಇಷ್ಟು ಮಾಡಬಲ್ಲನಾದರೆ, ನಿಸರ್ಗ ಕೋಟ್ಯಂತರ ವರ್ಷಗಳಲ್ಲಿ ಎಷ್ಟು ಮಾಡಬಹುದು ಎಂಬುದು ಅವನ ವಾದದ ಮೊದಲ ಮೆಟ್ಟಿಲು. ಆ ಅಧ್ಯಾಯದಲ್ಲಿ ಭಾರತದ ಡುಬ್ಬದ ದನಗಳ ಪ್ರಸ್ತಾಪವೂ ಇದೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಈ ದನಗಳ ಸ್ವಭಾವ, ಕೂಗು, ಮೈಕಟ್ಟಿನ ಬಗ್ಗೆ ಅವನಿಗೆ ಪತ್ರ ಬರೆಯುತ್ತಿದ್ದ. ಅದನ್ನು ಆಧರಿಸಿ ಡಾರ್ವಿನ್, ಭಾರತದ ದನಗಳು ಯುರೋಪಿನ ದನಗಳಿಗಿಂತ ಬೇರೆಯೇ ಆದ ಕಾಡುಮೂಲದಿಂದ ಬಂದಿರಬೇಕು ಎಂದು ಊಹಿಸಿದ.

ಆ ಊಹೆಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1994ರಲ್ಲಿ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಹೋಲಿಸಿ ನೋಡಿದರು. ಭಾರತದ ಮತ್ತು ಯುರೋಪಿನ ದನಗಳ ಕವಲು ಒಡೆದು ಕನಿಷ್ಠ 2 ಲಕ್ಷ ವರ್ಷಗಳಾಗಿವೆ ಎಂಬುದು ತಿಳಿಯಿತು. ಮನುಷ್ಯ ದನ ಸಾಕಲು ತೊಡಗಿ ಸುಮಾರು 10 ಸಾವಿರ ವರ್ಷವಷ್ಟೇ ಆಗಿದೆ. ಹಾಗಾದರೆ ಎರಡು ಕಡೆ, ಎರಡು ಬಗೆಯ ಕಾಡುದನಗಳನ್ನು ಬೇರೆಬೇರೆಯಾಗಿಯೇ ಪಳಗಿಸಿರಬೇಕು. ನಮ್ಮ ಡುಬ್ಬದ ದನಗಳ ತವರು ಬಲೂಚಿಸ್ತಾನದ ಮೆಹರ್‌ಗಢದ ಸೀಮೆ. ಸುಮಾರು 8 ಸಾವಿರ ವರ್ಷಗಳ ಹಿಂದೆ ಅಲ್ಲಿ ದನ ಸಾಕಿದ ಕುರುಹುಗಳಿವೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದೇವಣಿ, ಹಳ್ಳಿಕಾರ್, ಗಿರ್ ಇವು ಒಂದೇ ಪ್ರಭೇದದ ತಳಿಗಳು; ಒಂದಕ್ಕೊಂದು ಕೂಡಿದರೆ ಕರು ಹುಟ್ಟುತ್ತದೆ, ಆ ಕರುವೂ ದೊಡ್ಡದಾಗಿ ಈಯುತ್ತದೆ. ಆಕಳು ಮತ್ತು ಎಮ್ಮೆ ಒಂದೇ ಕೊಟ್ಟಿಗೆಯಲ್ಲಿ ಮೇಯ್ದರೂ ಬೆರಕೆ ಕರು ಹುಟ್ಟುವುದಿಲ್ಲ. ಆಕಳ ಜೀವಕೋಶದಲ್ಲಿ 60 ವರ್ಣತಂತುಗಳಿವೆ, ನಮ್ಮ ಎಮ್ಮೆಗಳಲ್ಲಿ 50. ಇವು ಬೇರೆಬೇರೆ ಪ್ರಭೇದಗಳು ಎಂಬುದರಲ್ಲಿ ತಕರಾರಿಲ್ಲ. ಆದರೆ ಡುಬ್ಬವಿಲ್ಲದ ಯುರೋಪಿನ ಆಕಳು ಮತ್ತು ಡುಬ್ಬದ ನಮ್ಮ ಆಕಳು? ಸ್ವೀಡನ್ನಿನ ನಿಸರ್ಗವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಇವೆರಡಕ್ಕೂ ಬಾಸ್ ಟಾರಸ್, ಬಾಸ್ ಇಂಡಿಕಸ್ ಎಂದು ಪ್ರತ್ಯೇಕ ಹೆಸರಿಟ್ಟ. ಆದರೂ ಇವು ಸಲೀಸಾಗಿ ಬೆರೆಯುತ್ತವೆ. ಪರಭಣಿಯ ಕೃಷಿ ವಿಶ್ವವಿದ್ಯಾಲಯ ಹೋಲ್‌ಸ್ಟೀನ್ ಮತ್ತು ದೇವಣಿ ಕೂಡಿಸಿ ‘ಹೋಲ್‌ದೇವ್’ ಎಂಬ ಮಿಶ್ರತಳಿಯನ್ನೇ ರೂಪಿಸಿದೆ. ಇವು ಎರಡು ಪ್ರಭೇದಗಳೇ, ಒಂದೇ ಪ್ರಭೇದದ ಎರಡು ಶಾಖೆಗಳೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ವಿಕಾಸ ನಿಧಾನವಾಗಿ ನಡೆಯುವ ಕ್ರಿಯೆಯಾದ್ದರಿಂದ ಅರ್ಧ ದಾರಿಯಲ್ಲಿರುವ ಇಂಥ ಜೋಡಿಗಳು ಸಿಗಲೇಬೇಕು.

ಚಿಗರಿ ಯಾರ ಬಂಧು?

ಬೀದರ್ ನಗರದಿಂದ ಹೊರಬಿದ್ದು ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯದ ಕಡೆಗೋ, ಔರಾದ್ ದಾರಿಯ ಬಯಲಿಗೋ ಹೋದರೆ ಬೆಳಗಿನ ಹೊತ್ತು ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ರೈತರಿಗೆ ಅದು ಚಿಗರಿ ಇಲ್ಲವೇ ಜಿಂಕೆ. ಸೋಯಾ, ಕಡಲೆ ಮೊಳೆತ ಹೊತ್ತಿಗೆ ಹಿಂಡು ನುಗ್ಗಿದರೆ ಎಳೆ ಪೈರು ಉಳಿಯುವುದಿಲ್ಲ. ನೋಟಕ್ಕೆ ಅದು ಬಂಡೀಪುರದ ಚುಕ್ಕೆ ಜಿಂಕೆಯ ತಮ್ಮನಂತೆಯೇ. ಆದರೆ ವರ್ಗೀಕರಣ ಹೇಳುವುದೇ ಬೇರೆ: ಕೃಷ್ಣಮೃಗಕ್ಕೆ ಚುಕ್ಕೆ ಜಿಂಕೆಗಿಂತ ಕೊಟ್ಟಿಗೆಯ ದೇವಣಿ ಆಕಳೇ ಹತ್ತಿರದ ಬಂಧು.

ಸಾಕ್ಷಿ ತಲೆಯ ಮೇಲೆಯೇ ಇದೆ. ಗಂಡು ಚಿಗರಿಯ ಸುರುಳಿ ಕೊಂಬನ್ನೂ ದೇವಣಿ ಎತ್ತಿನ ಕೊಂಬನ್ನೂ ಸೀಳಿ ನೋಡಿದರೆ ರಚನೆ ಒಂದೇ. ಒಳಗೆ ತಲೆಬುರುಡೆಯಿಂದ ಎದ್ದ ಎಲುಬಿನ ದಿಂಡು, ಅದರ ಮೇಲೆ ಉಗುರಿನಂಥ ವಸ್ತುವಿನ ಹೊದಿಕೆ. ಕವಲು ಒಡೆಯುವುದಿಲ್ಲ, ಉದುರುವುದಿಲ್ಲ, ಬದುಕಿರುವವರೆಗೂ ಬೆಳೆಯುತ್ತದೆ. ಚುಕ್ಕೆ ಜಿಂಕೆಯ ಕೊಂಬು ಪೂರ್ತಿ ಎಲುಬು. ಕವಲೊಡೆಯುತ್ತದೆ, ವರ್ಷಕ್ಕೊಮ್ಮೆ ಬುಡಸಹಿತ ಕಳಚಿ ಬೀಳುತ್ತದೆ, ಹೊಸದು ಚಿಗುರುವಾಗ ಮೇಲೆ ಮಖಮಲ್ಲಿನಂಥ ಚರ್ಮವಿರುತ್ತದೆ. ದನ, ಎಮ್ಮೆ, ಕುರಿ, ಮೇಕೆ, ಕೃಷ್ಣಮೃಗ, ಚಿಂಕಾರ ಎಲ್ಲವೂ ಬೋವಿಡೇ ಕುಟುಂಬ. ಚುಕ್ಕೆ ಜಿಂಕೆ, ಕಡವೆಗಳದ್ದು ಸರ್ವಿಡೇ ಕುಟುಂಬ. ಎರಡೂ ಕುಟುಂಬಗಳ ದಾರಿ ಬೇರೆಯಾಗಿ ಎರಡು ಕೋಟಿ ವರ್ಷಗಳ ಮೇಲಾಗಿದೆ. ಡಿಎನ್‌ಎ ಹೋಲಿಕೆಯೂ ಇದನ್ನೇ ಹೇಳುತ್ತದೆ.

ವರ್ಗೀಕರಣದಲ್ಲಿ ಚಿಗರಿಯ ಜಾಗ ಗುರುತಿಸಲು ವಿಜ್ಞಾನಿಗಳೂ ತಡಕಾಡಿದ್ದಾರೆ. ಲಿನೇಯಸ್ 1758ರಲ್ಲಿ ಕೃಷ್ಣಮೃಗವನ್ನು ಮೇಕೆಯ ಕುಲಕ್ಕೆ ಸೇರಿಸಿದ್ದ. 1766ರಲ್ಲಿ ಪೀಟರ್ ಪಲ್ಲಾಸ್ ಅದನ್ನು ಅಲ್ಲಿಂದ ಎತ್ತಿ ಆಂಟಿಲೋಪ್ ಎಂಬ ಪ್ರತ್ಯೇಕ ಕುಲದಲ್ಲಿಟ್ಟ. ತಿಮಿಂಗಿಲವನ್ನಂತೂ ಲಿನೇಯಸ್ ತನ್ನ ವರ್ಗೀಕರಣ ಗ್ರಂಥದ 1735ರ ಮೊದಲ ಆವೃತ್ತಿಯಲ್ಲಿ ಮೀನುಗಳ ಸಾಲಿಗೆ ಹಾಕಿ, 1758ರ ಹತ್ತನೇ ಆವೃತ್ತಿಯಲ್ಲಿ ಸಸ್ತನಿಗಳ ಸಾಲಿಗೆ ತಂದ. ಹೊಸ ಸಾಕ್ಷಿ ಬಂದಾಗ ಹಳೆಯ ಪಟ್ಟಿಯನ್ನು ತಿದ್ದುವುದು ವರ್ಗೀಕರಣದ ದೌರ್ಬಲ್ಯವಲ್ಲ, ಶಕ್ತಿ.

ಡಾರ್ವಿನ್ನನಿಗೆ ಮುಂಚೆ ಜೀವಿಗಳನ್ನು ಗುಂಪು ಮಾಡುವುದು ದೇವರ ಸೃಷ್ಟಿಯ ಪಟ್ಟಿ ಬರೆಯುವ ಕೆಲಸವಾಗಿತ್ತು. ಆ ಗುಂಪುಗಳು ಯಾಕೆ ಒಂದರೊಳಗೊಂದು ಕೂರುತ್ತವೆ ಎಂಬುದಕ್ಕೆ ಉತ್ತರವಿರಲಿಲ್ಲ. ದೇವಣಿಯನ್ನೇ ತೆಗೆದುಕೊಳ್ಳಿ. ಟೊಳ್ಳು ಹೊದಿಕೆಯ ಕೊಂಬು ಅದಕ್ಕೂ ಚಿಗರಿಗೂ ಮೇಕೆಗೂ ಸಮಾನ. ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುವ ಗುಣ ಇವುಗಳ ಜತೆ ಚುಕ್ಕೆ ಜಿಂಕೆಗೂ ಇದೆ. ಸೀಳು ಗೊರಸು ಇನ್ನೂ ವಿಶಾಲ. ಹಂದಿಯೂ ಅದರಲ್ಲಿ ಸೇರುತ್ತದೆ. ಮರಿಗೆ ಹಾಲೂಡುವ ಗುಂಪಿಗೆ ನಾಯಿ, ಬಾವಲಿ, ಮನುಷ್ಯ ಎಲ್ಲರೂ ಬರುತ್ತಾರೆ. ಬೆನ್ನೆಲುಬಿನ ಗುಂಪಿಗೆ ಮೀನು, ಕಪ್ಪೆ, ಹಾವು, ಹಕ್ಕಿಗಳೂ ಸೇರುತ್ತವೆ. ಪ್ರಭೇದ, ಕುಲ, ಕುಟುಂಬ, ಗಣ, ವರ್ಗ, ವಂಶ, ಸಾಮ್ರಾಜ್ಯ ಎಂದು ಮಕ್ಕಳು ಉರು ಹಾಕುವ ಸಾಲು ಇದೇ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನೊಂದಿಗೆ ಬರುತ್ತಿದ್ದ ಹೆಳವರು ಮನೆತನದ ವಂಶಾವಳಿ ಹೇಳುವುದನ್ನು ಕೇಳಿದವರಿಗೆ ಈ ಸಾಲು ಕಷ್ಟವಾಗದು. ಅಣ್ಣತಮ್ಮಂದಿರು ಅಪ್ಪನಲ್ಲಿ ಕೂಡುತ್ತಾರೆ, ದಾಯಾದಿಗಳು ಅಜ್ಜನಲ್ಲಿ ಕೂಡುತ್ತಾರೆ, ಇಡೀ ಮನೆತನ ಮೂಲಪುರುಷನಲ್ಲಿ ಕೂಡುತ್ತದೆ. ಜೀವಿಗಳ ವರ್ಗೀಕರಣವೂ ಅಂಥದೇ ವಂಶಾವಳಿ. ಗುಂಪು ಚಿಕ್ಕದಾದಷ್ಟೂ ಸಾಮಾನ್ಯ ಪೂರ್ವಜ ಹತ್ತಿರದವನು, ದೊಡ್ಡದಾದಷ್ಟೂ ದೂರದವನು. ಡಾರ್ವಿನ್ ಕೊಟ್ಟ ಬಹುದೊಡ್ಡ ಒಳನೋಟ ಇದು.

ಈ ವಂಶಾವಳಿಯಲ್ಲಿ ಅಚ್ಚರಿಯ ನೆಂಟರೂ ಇದ್ದಾರೆ. ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಸಿಕ್ಕ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿ 1971ರಲ್ಲಿ ಒಂದು ಪ್ರಾಣಿಗೆ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಮೊಲಕ್ಕಿಂತ ತುಸು ದೊಡ್ಡದಾದ, ಗೊರಸಿನ ಪ್ರಾಣಿ. ಅವರ ಕಾಲಾನಂತರ ಅವರು ಕೂಡಿಟ್ಟಿದ್ದ ಕಲ್ಲುಗಳು ಹಾನ್ಸ್ ತೇವಿಸ್ಸೆನ್ ಎಂಬ ವಿಜ್ಞಾನಿಯ ಕೈಸೇರಿದವು. ಅದರಲ್ಲಿದ್ದ ತಲೆಬುರುಡೆಯ ಕಿವಿಯ ಎಲುಬು ತಿಮಿಂಗಿಲದ ಕಿವಿಯಂತೆಯೇ ದಪ್ಪಗಿತ್ತು. 2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ಓಡಾಡುತ್ತಿದ್ದ ಸೀಳುಗೊರಸಿನ ಪ್ರಾಣಿಗಳು. ಅಂದರೆ ಕಡಲ ತಿಮಿಂಗಿಲಕ್ಕೆ ಕುದುರೆಗಿಂತ ಆಕಳೇ ಹತ್ತಿರದ ಸಂಬಂಧಿ.

ಕಾಲುಬುಡದ ಕಾಲಮಾನ

ಇಷ್ಟೆಲ್ಲ ಬದಲಾಗಲು ಬೇಕಾದ ಕಾಲವೂ ಬೀದರ್ ನೆಲದಲ್ಲೇ ದಾಖಲಾಗಿದೆ. ಎರೆಮಣ್ಣಿನ ಕೆಳಗಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಪದರ ಪದರವಾಗಿ ಹರಿದ ಲಾವಾ. ಬೀದರ್ ಕೋಟೆ ನಿಂತಿರುವ ಕೆಂಪು ಲ್ಯಾಟರೈಟ್ ಕಲ್ಲು ಅದೇ ಲಾವಾ ಬಿಸಿಲು ಮಳೆಗೆ ಸವೆದು ಆದದ್ದು. ಡೈನೋಸಾರ್‌ಗಳು ಅಳಿದು ಸಸ್ತನಿಗಳಿಗೆ ಬಯಲು ತೆರವಾದ ಕಾಲವೂ ಅದೇ. ಭಾಲ್ಕಿ, ಔರಾದ್ ಸೀಮೆಯಲ್ಲಿ ಹರಿಯುವ ಮಾಂಜ್ರಾ ನದಿಯ ಮೇಲಿನ ಕಣಿವೆಯಲ್ಲಿ, ಲಾತೂರ್ ಭಾಗದಲ್ಲಿ, ಹಿಮಯುಗದ ಕಾಲದ ಆನೆ ಮತ್ತು ಕಾಡುದನಗಳ ಪಳೆಯುಳಿಕೆಗಳು ಸಿಕ್ಕಿವೆ. ಈಗ ಆನೆ ಎಂದರೆ ಜಾತ್ರೆಯ ಮೆರವಣಿಗೆಯಲ್ಲಷ್ಟೇ ಕಾಣುವ ಈ ಸೀಮೆ ಒಂದು ಕಾಲಕ್ಕೆ ಅವುಗಳ ಮೇವಿನ ತಾಣವಾಗಿತ್ತು.

ಎಣ್ಣೆಗೂ ಜಗ್ಗದ ಕೀಡಿ

ಕೋಟಿ ವರ್ಷಗಳ ಲೆಕ್ಕ ಕೇಳಿದವರು ‘ವಿಕಾಸವನ್ನು ಕಣ್ಣಾರೆ ಕಂಡವರು ಯಾರು?’ ಎಂದು ಕೇಳುವುದುಂಟು. ತೊಗರಿ ಬೆಳೆಯುವ ರೈತರೆಲ್ಲರೂ ಕಂಡಿದ್ದಾರೆ.

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಬೀಳುತ್ತದೆ. ದುಂಡನೆ ತೂತು ಕೊರೆದು, ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈ ಹೊರಗಿಟ್ಟುಕೊಂಡು ಕಾಳು ತಿನ್ನುವ ಹಸಿರು ಹುಳು. ಹೊಲದ ಮಾತಿನಲ್ಲಿ ಕೀಡಿ. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ, ತಿಂಗಳೊಂದರ ಆಸುಪಾಸಿನಲ್ಲಿ ಹೊಸ ಪೀಳಿಗೆ ತಯಾರು. ಕೀಟನಾಶಕಕ್ಕೆ ಇಲ್ಲಿ ಎಣ್ಣೆ ಎನ್ನುತ್ತಾರೆ. ‘ಎಷ್ಟು ಎಣ್ಣಿ ಹೊಡೆದ್ರೂ ಕೀಡಿ ಸಾಯವಲ್ದು’ ಎಂಬ ಗೋಳು ಪ್ರತಿ ಹಂಗಾಮಿನಲ್ಲೂ ಕೇಳಿಬರುತ್ತದೆ. ಔಷಧವೇ ನಕಲಿ ಎಂದು ಅಂಗಡಿಯವರನ್ನು ಬೈಯುವವರಿದ್ದಾರೆ. ಕೀಡಿಗೆ ಎಣ್ಣೆ ರೂಢಿಯಾಗಿದೆ ಎನ್ನುವವರೂ ಇದ್ದಾರೆ.

ರೂಢಿಯಾಗುವುದು ಎಂಬ ವಿವರಣೆಯಲ್ಲೇ ತಪ್ಪಿದೆ. ಯಾವ ಕೀಡಿಯೂ ವಿಷ ಕುಡಿದು ಗಟ್ಟಿಯಾಗುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಕೆಲವಕ್ಕೆ, ಹುಟ್ಟಿನಿಂದಲೇ, ಆ ವಿಷವನ್ನು ಒಡೆದುಹಾಕುವ ಕಿಣ್ವ ತುಸು ಹೆಚ್ಚು ಇರುತ್ತದೆ. ಅದು ಔಷಧಕ್ಕೂ ಮುಂಚಿನ ಆಕಸ್ಮಿಕ ವ್ಯತ್ಯಾಸ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಈ ಕೆಲವು ಬದುಕುತ್ತವೆ, ಪೈಪೋಟಿಯಿಲ್ಲದೆ ಸಂತಾನ ಬೆಳೆಸುತ್ತವೆ. ಮರು ಪೀಳಿಗೆಯಲ್ಲಿ ಇವುಗಳ ಪಾಲು ಹೆಚ್ಚು. ಮತ್ತೆ ಅದೇ ಔಷಧ, ಮತ್ತೆ ಅದೇ ಆಯ್ಕೆ. ಕೆಲವೇ ವರ್ಷಗಳಲ್ಲಿ ಹೊಲದ ತುಂಬ ಎಣ್ಣೆಗೆ ಜಗ್ಗದ ಕೀಡಿಯೇ. ಬೀಜದ ಹೋರಿಯನ್ನು ಆರಿಸಿದ್ದು ರೈತನ ಕಣ್ಣು. ಇಲ್ಲಿ ಆರಿಸಿದ್ದು ಪಂಪಿನ ಔಷಧ. ಎರಡರ ತತ್ವ ಒಂದೇ. 1980ರ ದಶಕದ ಕೊನೆಯಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಹುಳು ಪೈರಿಥ್ರಾಯ್ಡ್ ಔಷಧಗಳಿಗೆ ಬಗ್ಗದೆ ಬೆಳೆ ನುಂಗಿದಾಗ ದೇಶಕ್ಕೆ ಇದರ ಬಿಸಿ ತಟ್ಟಿತು.

ಪರಿಹಾರವೂ ವಿಕಾಸದ ತಿಳಿವಳಿಕೆಯಲ್ಲೇ ಇದೆ. ಒಂದೇ ಗುಂಪಿನ ಔಷಧವನ್ನು ಪದೇಪದೇ ಹೊಡೆಯದೆ ಬೇರೆ ಬಗೆಯಲ್ಲಿ ಕೊಲ್ಲುವ ಗುಂಪಿಗೆ ಬದಲಾಯಿಸಬೇಕು. ಸಾಲಿನ ನಡುವೆ ತಾಡಪಾಲು ಹಾಸಿ ಗಿಡ ಅಲ್ಲಾಡಿಸಿ ಹುಳು ಉದುರಿಸುವ ಪದ್ಧತಿ ಈ ಭಾಗದಲ್ಲಿ ಹಳೆಯದು. ಹಾಗೆ ಉದುರಿದ ಹುಳುವಿಗೆ ವಿಷ ಅರಗಿಸುವ ಕಿಣ್ವವಿದ್ದರೂ ಪ್ರಯೋಜನವಿಲ್ಲ.

ತೊಗರಿ ಗಿಡವನ್ನು ಬದಲಾಯಿಸಿದ್ದೂ ಆಯ್ಕೆಯೇ. ಬೀದರ್‌ನಿಂದ ಹೈದರಾಬಾದ್ ದಾರಿಯಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ, ನೆಟೆ ರೋಗದ ಶಿಲೀಂಧ್ರ ತುಂಬಿದ ಹೊಲಗಳನ್ನು ಬೇಕೆಂದೇ ಕಾಪಾಡಿಕೊಂಡು ಅದರಲ್ಲಿ ತೊಗರಿ ಬಿತ್ತಿತು. ಬಹುತೇಕ ಗಿಡಗಳು ಒಣಗಿದವು, ಕೆಲವು ಉಳಿದವು. ಉಳಿದವುಗಳ ಬೀಜವನ್ನೇ ಮತ್ತೆ ಬಿತ್ತಿ ಆರಿಸಿದ ಸಾಲಿನಿಂದ ಬಂದದ್ದು ‘ಮಾರುತಿ’ ತಳಿ. 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ಮಾರುತಿ ನೆಟೆಯನ್ನು ತಡೆದುಕೊಂಡಿತು, ನುಸಿ ಹರಡುವ ಗೊಡ್ಡು ರೋಗಕ್ಕೆ ಮಾತ್ರ ಸೋತಿತು. ಜಾಲ್ನಾ ಜಿಲ್ಲೆಯ ಬದನಾಪುರದಲ್ಲಿ ರೂಪಿಸಿದ ಬಿಎಸ್‌ಎಂಆರ್-736 ಎರಡಕ್ಕೂ ಎದೆಯೊಡ್ಡಿ ಬೀದರ್ ಜಿಲ್ಲೆಯಲ್ಲೂ ಬೇರೂರಿತು.

ತೊಗರಿಯ ಕಾಡುಬಂಧು ಕಜಾನಸ್ ಕಜಾನಿಫೋಲಿಯಸ್ ಇಂದಿಗೂ ಒಡಿಶಾ, ಬಸ್ತರ್ ಕಾಡುಗಳಲ್ಲಿದೆ. ಅದನ್ನು ತೊಗರಿಯೊಂದಿಗೆ ಕೂಡಿಸಿ ಪಡೆದ ಗಂಡು ಬಂಜೆತನದ ಗುಣದಿಂದಲೇ 2010ರಲ್ಲಿ ಐಸಿಪಿಎಚ್-2671 ಎಂಬ ಹೈಬ್ರಿಡ್ ತೊಗರಿ ಹೊರಬಂತು. ತೊಗರಿಯ ಹತ್ತಿರದ ಬಂಧು ಯಾವುದು ಎಂದು ಸರಿಯಾಗಿ ಗುರುತಿಸದಿದ್ದರೆ ಆ ಗುಣವನ್ನು ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತಿರಲಿಲ್ಲ. ವರ್ಗೀಕರಣ ಊಟದ ತಟ್ಟೆಯವರೆಗೂ ಬರುವುದು ಹೀಗೆ.

ಉಳಿಸಬೇಕಾದ ಬಂಡವಾಳ

ವಿಕಾಸವಾದದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಕೂತಿವೆ. ಮನುಷ್ಯ ಮಂಗನಿಂದ ಬಂದ ಎಂದು ಅದು ಹೇಳುವುದಿಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಬ್ಬನೇ ಪೂರ್ವಜನಿದ್ದ ಎನ್ನುತ್ತದೆ. ಕೀಳಿನಿಂದ ಮೇಲಕ್ಕೆ ಹತ್ತುವ ಏಣಿಯೂ ಅದರಲ್ಲಿಲ್ಲ. ಕೀಡಿ ತನ್ನ ಬದುಕಿಗೆ ತಕ್ಕಷ್ಟು ಯಶಸ್ವಿ, ಚಿಗರಿ ತನ್ನ ಬದುಕಿಗೆ ತಕ್ಕಷ್ಟು. ಚಿಗರಿಯ ಓಟದಲ್ಲಿ ಬೆನ್ನಟ್ಟುತ್ತಿದ್ದ ಚೀತಾದ ನೆನಪಿದೆ ಎನ್ನುವ ಜೀವವಿಜ್ಞಾನಿಗಳಿದ್ದಾರೆ. ಭಾರತದಲ್ಲಿ ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು, ಗಂಟೆಗೆ 80 ಕಿ.ಮೀ. ಮುಟ್ಟುವ ಆ ಓಟ ಉಳಿದಿದೆ.

ಎಲ್ಲಕ್ಕೂ ಬುನಾದಿ ವ್ಯತ್ಯಾಸ. ಎಲ್ಲ ಗಿಡ ಒಂದೇ ಥರ ಇದ್ದಿದ್ದರೆ ನೆಟೆ ಹೊಲದಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಇಕ್ರಿಸ್ಯಾಟ್‌ನ ಬೀಜಕೋಶದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳನ್ನು ಕಾದಿಟ್ಟಿರುವುದು ಇದಕ್ಕೇ. ದೇವಣಿಗೂ ಅಂಥ ಕಾಳಜಿ ಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಯಿತು, ಹಾಲಿಗೆ ಮಿಶ್ರತಳಿ ಬಂತು, ಶುದ್ಧ ದೇವಣಿ ಹೋರಿ ಹುಡುಕುವಂತಾಯಿತು. ಬೀದರ್‌ನಲ್ಲಿ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ದೇವಣಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಒಂದು ಕೇಂದ್ರದ ಹಿಂಡಿನಲ್ಲಷ್ಟೇ ತಳಿ ಉಳಿದರೆ ಸಾಲದು. ಬಿಸಿಲು, ಬರ, ಉಣ್ಣೆ ಕಾಟವನ್ನು ತಾಳುವ ಗುಣ ಊರೂರಿನ ಕೊಟ್ಟಿಗೆಗಳಲ್ಲಿ ಹಂಚಿಕೊಂಡಿರಬೇಕು.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹನ್ನೆರಡನೇ ತರಗತಿಯಲ್ಲಿ ಪಾಠವಿದೆ. ಆದರೆ ಅದು ಜೀವವಿಜ್ಞಾನ ಆಯ್ದುಕೊಂಡವರಿಗೆ ಮಾತ್ರ. ಹತ್ತಕ್ಕೆ ಓದು ಮುಗಿಸಿ ಹೊಲಕ್ಕೆ ಇಳಿಯುವ, ಔಷಧದ ಪಂಪು ಹೆಗಲಿಗೇರಿಸುವ ಮಕ್ಕಳಿಗೇ ಈ ಪಾಠದ ಅಗತ್ಯ ಹೆಚ್ಚು. ಬೀದರ್ ಜಿಲ್ಲೆಯ ಶಿಕ್ಷಕರಿಗೆ ಪುಸ್ತಕದ ಆ ಪುಟಗಳಿಗಾಗಿ ಕಾಯುವ ಕಾರಣವಿಲ್ಲ. ಮಕ್ಕಳನ್ನು ಹತ್ತಿರದ ದೇವಣಿ ಕೊಟ್ಟಿಗೆಗೂ ಕಾಯಿ ಕಟ್ಟಿದ ತೊಗರಿ ಹೊಲಕ್ಕೂ ಕರೆದೊಯ್ಯಲಿ. ಮಚ್ಚೆಗಳನ್ನು, ಕೊಂಬುಗಳನ್ನು, ಎಣ್ಣೆ ಹೊಡೆದ ಮೇಲೂ ಉಳಿದ ಕೀಡಿಗಳನ್ನು ಎಣಿಸಿ ಬರೆದುಕೊಳ್ಳಲು ಹೇಳಲಿ. ಪಾಲಕರೂ ಕೃಷಿ ಇಲಾಖೆಯವರೂ ಅವರ ಜತೆ ನಿಲ್ಲಲಿ.